ಶಾಲೆಯಲ್ಲಿ ಮೊಬೈಲ್ ನಿಷೇಧ: ವಿದ್ಯಾರ್ಥಿಗಳ ಮಾತನ್ನು ಆಡಳಿತ ಮಂಡಳಿಗೆ ಮುಟ್ಟಿಸಿದ ಬಗೆ

ಅಂಕೋಲಾ ತಾಲೂಕಿನ ಒಂದು ಅನುದಾನಿತ ಸಂಸ್ಥೆಯಲ್ಲಿ ದ್ವಿತೀಯ ಪಿಯುಸಿ ಓದಿ ಈಗಷ್ಟೇ ವಾರ್ಷಿಕ ಪರೀಕ್ಷೆ ಬರೆದು ಮುಗಿಸಿದ್ದೇನೆ. ಪ್ರೌಢಶಾಲೆಯೂ ಪದವಿಪೂರ್ವ ಕಾಲೇಜೂ ಒಂದೇ ಆವರಣದಲ್ಲಿರುವ ನಮ್ಮ ಸಂಸ್ಥೆಯಲ್ಲಿ 2025ರ ಜೂನ್‌ನಿಂದ ಮೊಬೈಲ್ ಸಂಪೂರ್ಣವಾಗಿ ನಿಷೇಧವಾಯಿತು. ತರಗತಿಯ ಪ್ರತಿನಿಧಿಯಾಗಿದ್ದ ಕಾರಣಕ್ಕೆ, ಆ ನಿಷೇಧದ ಬಗ್ಗೆ ವಿದ್ಯಾರ್ಥಿಗಳಿಗಿದ್ದ ಆತಂಕಗಳನ್ನು ಕೇಳಿಕೊಂಡು, ಬರೆದು, ಆಡಳಿತ ಮಂಡಳಿಯ ಮುಂದಿಡುವ ಕೆಲಸ ನನ್ನ ಮತ್ತು ಕೆಲವು ಸಹಪಾಠಿಗಳ ಪಾಲಿಗೆ ಬಂತು. ಅದಕ್ಕೊಂದು ದಡ ಕಾಣುವ ಹೊತ್ತಿಗೆ ಹೊಸ ವರ್ಷ ಬಂದಿತ್ತು. ಈಗ ಕುಮಟಾ, ಹೊನ್ನಾವರ, ಶಿರಸಿ ಕಡೆ ಓದುತ್ತಿರುವ ನೆಂಟರ ಮಕ್ಕಳೂ ಪರಿಚಯದವರೂ ತಮ್ಮಲ್ಲೂ ಇಂಥದೇ ನಿಯಮ ಬರುತ್ತಿದೆ, ನೀವು ಏನು ಮಾಡಿದಿರಿ ಎಂದು ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಹೇಳುವ ಬದಲು, ನಡೆದದ್ದನ್ನು ನಡೆದ ಕ್ರಮದಲ್ಲಿಯೇ ಇಲ್ಲಿ ಬರೆಯುತ್ತಿದ್ದೇನೆ.

ತರಗತಿಯೊಳಗೆ ಮೊಬೈಲ್ ಬೇಕೆಂದು ನಾವು ಯಾರೂ ಕೇಳಿರಲಿಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು. ಪಾಠದ ನಡುವೆ ಒಮ್ಮೆ ಪರದೆಯತ್ತ ಕಣ್ಣು ಹೋದರೆ ಮನಸ್ಸು ಪಾಠಕ್ಕೆ ಮರಳಲು 20 ನಿಮಿಷದವರೆಗೂ ಬೇಕಾಗಬಹುದು ಎಂದು ಯುನೆಸ್ಕೋದ 2023ರ ಜಾಗತಿಕ ಶಿಕ್ಷಣ ವರದಿ ಹೇಳುತ್ತದೆ. ನಮ್ಮ ಸ್ವಂತ ಅನುಭವವೂ ಅದಕ್ಕಿಂತ ಬೇರೆಯಾಗಿಲ್ಲ. ಸಮಸ್ಯೆ ಇದ್ದದ್ದು ನಿಷೇಧದ ಜೊತೆಗೆ ಬರಬೇಕಾಗಿದ್ದ ವ್ಯವಸ್ಥೆಗಳು ಯಾವುವೂ ಬಾರದೆ ಹೋದದ್ದರಲ್ಲಿ. ಮನೆಯವರನ್ನು ಸಂಪರ್ಕಿಸುವುದು ಹೇಗೆ, ವಶಪಡಿಸಿಕೊಂಡ ಫೋನಿಗೆ ಯಾರು ಹೊಣೆ, ಚೀಲ ತಪಾಸಣೆ ಮಾಡುವವರು ಯಾರು ಎಂಬ ಪ್ರಶ್ನೆಗಳಿಗೆ ಬರಹದಲ್ಲಿ ಉತ್ತರ ಇರಲಿಲ್ಲ. ನಾವು ವರ್ಷವಿಡೀ ಕೇಳಿದ್ದು ಆ ಬರಹವನ್ನು.

ಶಾಲೆ ಆರಂಭವಾದ ವಾರದಲ್ಲಿಯೇ ಸೂಚನಾ ಫಲಕದಲ್ಲಿ ಒಂದು ಸಣ್ಣ ಪ್ರಕಟಣೆ ಬಂತು. ವಿದ್ಯಾರ್ಥಿಗಳು ಆವರಣದೊಳಗೆ ಮೊಬೈಲ್ ತರುವಂತಿಲ್ಲ, ತಂದದ್ದು ಕಂಡುಬಂದರೆ ವಶಪಡಿಸಿಕೊಂಡು ವರ್ಷಾಂತ್ಯದಲ್ಲಿ ಪಾಲಕರಿಗೆ ಹಿಂದಿರುಗಿಸಲಾಗುವುದು ಎಂಬಷ್ಟೇ ಒಕ್ಕಣೆ. ಈ ನಿಯಮಕ್ಕೆ ಕಾರಣವೇ ಇರಲಿಲ್ಲ ಎಂದು ಹೇಳಲಾರೆ. ಹಿಂದಿನ ವರ್ಷ ಯಾರೋ ಮೊಗಸಾಲೆಯಲ್ಲಿ ತೆಗೆದ ವಿಡಿಯೊ ಒಂದು ಹರಿದಾಡಿ, ಒಬ್ಬ ವಿದ್ಯಾರ್ಥಿನಿ ಬಹಳ ದಿನ ಕಾಲೇಜಿಗೆ ಬರಲಾಗದೆ ಮನೆಯಲ್ಲಿ ಕುಳಿತಿದ್ದಳು. ಅವಳ ನೋವನ್ನು ಕಂಡವರಿಗೆ ಪ್ರಾಚಾರ್ಯರ ಕಾಳಜಿ ಅರ್ಥವಾಗುತ್ತಿತ್ತು. ಆದ್ದರಿಂದ ಮೊದಲ ವಾರಗಳಲ್ಲಿ ಯಾರೂ ಎದುರು ಮಾತನಾಡಲಿಲ್ಲ. ದೂರದಿಂದ ಬರುವ ನಾವೆಲ್ಲ ಫೋನನ್ನು ಮನೆಯಲ್ಲಿಯೇ ಬಿಟ್ಟು ಬರತೊಡಗಿದೆವು.

ಕಷ್ಟ ಗೊತ್ತಾದದ್ದು ಮಳೆ ಜೋರಾದ ಮೇಲೆ. ನಮ್ಮ ಜಿಲ್ಲೆಯಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಶಾಲೆ ಇದೆಯೋ ಇಲ್ಲವೋ ಎಂಬುದು ಹಿಂದಿನ ರಾತ್ರಿಯೋ ಬೆಳಗಿನ ಜಾವವೋ ಬರುವ ಜಿಲ್ಲಾಧಿಕಾರಿಗಳ ರಜಾ ಆದೇಶವನ್ನು ಅವಲಂಬಿಸಿರುತ್ತದೆ. ಆದೇಶ ತಾಲೂಕಿನಿಂದ ತಾಲೂಕಿಗೆ ಬೇರೆಯಾಗಿರುತ್ತದೆ ಮತ್ತು ಅದು ನಮ್ಮನ್ನು ತಲುಪುವುದು ವಾಟ್ಸ್ಆ್ಯಪ್ ಮೂಲಕವೇ. ಮನೆಯಲ್ಲಿದ್ದಾಗ ಬರುವ ಆದೇಶದಿಂದ ತೊಂದರೆಯಿಲ್ಲ. ಶಾಲೆಗೆ ಬಂದ ಮೇಲೆ ಮಳೆ ಏರಿದರೆ ಏನು ಮಾಡಬೇಕೆಂಬುದೇ ಪ್ರಶ್ನೆ. ಜುಲೈನ ಒಂದು ದಿನ ಮಧ್ಯಾಹ್ನವೇ ನಮ್ಮನ್ನು ಮನೆಗೆ ಕಳುಹಿಸಿದರು. ಗುಡ್ಡದ ಬದಿಯ ನಮ್ಮ ಹಳ್ಳಿಗೆ ಹೋಗುವ ಬಸ್ಸು ಸಂಜೆಯದು. ಕಚೇರಿಯ ಸ್ಥಿರ ದೂರವಾಣಿ ಮಳೆಗೆ ಕೆಟ್ಟು ನಿಂತಿತ್ತು. ಬಸ್ ನಿಲ್ದಾಣದ ಎದುರಿನ ಅಂಗಡಿಯವರು ದಯೆಯಿಂದ ತಮ್ಮ ಫೋನು ಕೊಟ್ಟರು; ಆದರೆ ಹಳ್ಳದ ದಾರಿಯಲ್ಲಿ ನೆಟ್‌ವರ್ಕ್ ಇಲ್ಲದ ಕಡೆ ನನ್ನನ್ನು ಕಾಯುತ್ತಿದ್ದ ಆಯಿಗೆ (ಅಮ್ಮನಿಗೆ) ಕರೆ ಹೋಗಲಿಲ್ಲ. ಅವಳು ಕತ್ತಲಾಗುವವರೆಗೂ ಕೊಡೆ ಹಿಡಿದು ಕಿರುಸೇತುವೆಯ ಬಳಿ ನಿಂತಿದ್ದಳು.

ಇದು ಅತಿಯಾದ ಭಯವೆಂದು ಹೊರಗಿನವರಿಗೆ ಅನಿಸಬಹುದು. ಆದರೆ 2024ರ ಜುಲೈ 16ರ ಬೆಳಿಗ್ಗೆ ನಮ್ಮ ತಾಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದು, ರಸ್ತೆ ಬದಿಯ ಚಹಾದಂಗಡಿಯೂ ವಾಹನಗಳೂ ಮಣ್ಣಿನ ಜೊತೆ ಗಂಗಾವಳಿ ನದಿಗೆ ಹೋದಾಗ ನಾನು ಪ್ರಥಮ ಪಿಯುಸಿಯಲ್ಲಿದ್ದೆ. ಹೆದ್ದಾರಿ ದಿನಗಟ್ಟಲೆ ಬಂದ್ ಆಗಿತ್ತು. ಅದೇ ವರ್ಷ ಆಗಸ್ಟ್ 7ರ ನಸುಕಿನಲ್ಲಿ ಕಾರವಾರದ ಕಾಳಿ ನದಿಯ ಹಳೆಯ ಸೇತುವೆಯೂ ಕುಸಿಯಿತು. ಮಗಳು ಹೊರಟಳೇ, ಯಾವ ಬಸ್ಸಿಗೆ ಹತ್ತಿದಳು ಎಂದು ತಿಳಿಯದೆ ಒಂದು ಗಂಟೆ ಕಳೆಯುವುದು ಈ ಕರಾವಳಿಯ ಮನೆಗಳಲ್ಲಿ ಆ ಮಳೆಗಾಲದ ನಂತರ ಮೊದಲಿನಷ್ಟು ಸುಲಭವಾಗಿ ಉಳಿದಿಲ್ಲ.

ಆ ವಾರವೇ ನಮ್ಮ ಆರ್ಥಿಕ ಸ್ಥಿತಿಗೆ ಸಂಬಂಧಿಸಿದ ಇನ್ನೊಂದು ತೊಡಕೂ ಎದುರಾಯಿತು. ವಿದ್ಯಾರ್ಥಿವೇತನದ ಅರ್ಜಿಯನ್ನು ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ತುಂಬುವಾಗ ಆಧಾರ್‌ಗೆ ಜೋಡಣೆಯಾದ ಮೊಬೈಲಿಗೆ ಒಟಿಪಿ ಬರುತ್ತದೆ. ವಿದ್ಯಾರ್ಥಿ ಬಸ್ ಪಾಸಿಗಾಗಿ ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕುವಾಗಲೂ ಹಾಗೆಯೇ. ಕಚೇರಿಯ ಗುಮಾಸ್ತರು ಅಂತರ ಅವಧಿಯಲ್ಲಿ ಕರೆದು, “ಒಟಿಪಿ ಹೇಳು ತಂಗಿ” ಎಂದರೆ ಹೇಳುವುದಕ್ಕೆ ಕೈಯಲ್ಲಿ ಫೋನಿಲ್ಲ. ಬೇಲೆಕೇರಿಯಿಂದ ಬರುವ ನನ್ನ ಗೆಳತಿಯದು ಇನ್ನೂ ಕಷ್ಟದ ಸ್ಥಿತಿ. ಅವಳ ಆಧಾರ್‌ಗೆ ಅಪ್ಪನ ಸಂಖ್ಯೆ ಜೋಡಣೆಯಾಗಿತ್ತು. ಜೂನ್, ಜುಲೈನ 61 ದಿನಗಳ ಯಾಂತ್ರೀಕೃತ ಮೀನುಗಾರಿಕೆ ನಿಷೇಧ ಮುಗಿದು ಆಗಸ್ಟ್ ಬಂತೆಂದರೆ ಅಪ್ಪ ಬೋಟಿನಲ್ಲಿ ಕಡಲಿಗಿಳಿಯುತ್ತಾರೆ, ದಡದಿಂದ ದೂರ ಹೋದ ಮೇಲೆ ಕರೆಯೂ ಹೋಗುವುದಿಲ್ಲ. ಇಂಥ ಪರಿಸ್ಥಿತಿಯಲ್ಲಿರುವವರು ಮಳೆಗಾಲ ಮುಗಿಯುವ ಮೊದಲೇ ಆಧಾರ್ ಕೇಂದ್ರಕ್ಕೆ ಹೋಗಿ, ಮನೆಯಲ್ಲಿ ಸದಾ ಸಿಗುವವರ ಸಂಖ್ಯೆಗೆ ಬದಲಾಯಿಸಿಕೊಳ್ಳುವುದು ಒಳ್ಳೆಯದು. ಶಾಲೆಯ ನಿಯಮ ಏನೇ ಇರಲಿ, ಇದು ನಮ್ಮ ಕೈಯಲ್ಲಿರುವ ಕೆಲಸ.

ನಾವು ಮಾತನಾಡಲೇಬೇಕೆಂದು ನಿಶ್ಚಯಿಸಿದ್ದು ಒಬ್ಬ ಸಹಪಾಠಿಯ ಫೋನು ವಶವಾದಾಗ. ಅಜ್ಜನನ್ನು ಕಾರವಾರದ ಆಸ್ಪತ್ರೆಗೆ ಸೇರಿಸಿದ್ದರಿಂದ ಅವನು ಅದನ್ನು ಬಂದ್ ಮಾಡಿ ಚೀಲದ ತಳದಲ್ಲಿ ಇಟ್ಟುಕೊಂಡು ಬಂದಿದ್ದ. ತಪಾಸಣೆಯಲ್ಲಿ ಸಿಕ್ಕಿತು. ರಸೀದಿ ಕೊಡಲಿಲ್ಲ. ಲಾಕ್ ತೆಗೆಯುವಂತೆ ಹೇಳಿ, ಒಳಗಿನ ಚಿತ್ರಗಳನ್ನೂ ಸಂದೇಶಗಳನ್ನೂ ಅವನ ಎದುರಿನಲ್ಲಿಯೇ ನೋಡಿದರು. ಕೂಲಿಗೆ ಹೋಗುವ ಅವನ ಅಪ್ಪ ಒಂದು ದಿನದ ಸಂಬಳ ಬಿಟ್ಟು ಬಂದು ಕೇಳಿದರೂ ವರ್ಷಾಂತ್ಯಕ್ಕೇ ಎಂಬ ಉತ್ತರ ಸಿಕ್ಕಿತು. 2020ರಲ್ಲಿ ಕೊರೋನಾ ಬಂದು ಪಾಠ ಆನ್‌ಲೈನ್ ಆದಾಗ, ಶಾಲೆಗಳೇ ಕೇಳಿದ್ದರಿಂದ ಸಾಲ ಮಾಡಿ ಫೋನು ಕೊಂಡ ಮನೆಗಳಲ್ಲಿ ಅವನದೂ ಒಂದು. ಆ ಮನೆಯಲ್ಲಿ ಇದ್ದದ್ದು ಅದೊಂದೇ ಸ್ಮಾರ್ಟ್‌ಫೋನು.

ಯಾವ ಮನವಿ ಬರೆಯುವ ಮೊದಲೂ ಎಲ್ಲರ ಅಭಿಪ್ರಾಯ ತಿಳಿಯಬೇಕೆಂದು ನಮ್ಮ ಕನ್ನಡ ಉಪನ್ಯಾಸಕಿ ಸಲಹೆ ಕೊಟ್ಟರು. ಅವರ ಅನುಮತಿಯಿಂದ ಗ್ರಂಥಾಲಯದಲ್ಲಿ ಒಂದು ರಟ್ಟಿನ ಪೆಟ್ಟಿಗೆ ಇಟ್ಟೆವು. ಮೊಬೈಲ್ ಇಲ್ಲದಿರುವುದರಿಂದ ನಿಮಗೆ ಆಗಿರುವ ಒಳ್ಳೆಯದೇನು, ತೊಂದರೆಯೇನು, ಏನು ವ್ಯವಸ್ಥೆ ಆಗಬೇಕು ಎಂಬ ಪ್ರಶ್ನೆಗಳನ್ನು ಬರೆದು, ಹೆಸರು ಹಾಕಬೇಕಿಲ್ಲ ಎಂದು ತಿಳಿಸಿದ್ದೆವು. ಬಂದ ಚೀಟಿಗಳನ್ನು ಓದಿದಾಗ ನಮ್ಮ ಮನವಿಯ ಸ್ವರೂಪವೇ ಬದಲಾಯಿತು.

ಹುಡುಗಿಯರಲ್ಲಿ ಬಹಳಷ್ಟು ಮಂದಿ ನಿಷೇಧ ತೆಗೆಯಬೇಡಿ ಎಂದು ಬರೆದಿದ್ದರು. ಮೆಟ್ಟಿಲು ಹತ್ತುವಾಗ, ಕ್ರೀಡಾ ಅವಧಿಯಲ್ಲಿ ಯಾರು ಫೋಟೊ ತೆಗೆಯುತ್ತಾರೋ ಎಂಬ ಹೆದರಿಕೆ ಈ ವರ್ಷವೇ ಮೊದಲ ಬಾರಿಗೆ ಇಲ್ಲವಾಗಿದೆ ಎಂದು ಒಬ್ಬಳು ಬರೆದದ್ದು ನನಗೆ ಇಂದಿಗೂ ನೆನಪಿದೆ. ಸ್ವಂತ ಫೋನಿಲ್ಲದವರು, ಈಗ ಊಟದ ಹೊತ್ತಿನಲ್ಲಿ ಎಲ್ಲರೂ ತಮ್ಮೊಡನೆ ಮಾತನಾಡುತ್ತಾರೆ ಎಂದು ಸಂತೋಷ ಹಂಚಿಕೊಂಡಿದ್ದರು. ಅದೇ ಪೆಟ್ಟಿಗೆಯಲ್ಲಿ, ಚೀಲ ತಪಾಸಣೆಯ ವೇಳೆ ಮುಟ್ಟಿನ ಬಟ್ಟೆ, ಪ್ಯಾಡು ಎಲ್ಲರೆದುರು ಹೊರಬಿದ್ದ ಅವಮಾನದ ಚೀಟಿಗಳೂ ಇದ್ದವು. ಕೊನೆಯ ಬಸ್ಸಿನವರದು ಬೇರೆಯೇ ಕಷ್ಟ. ಇನ್ನೊಂದು ದೂರು ಬಹುತೇಕ ಎಲ್ಲರದೂ ಆಗಿತ್ತು: ಹಗಲು ಮೊಬೈಲ್ ನಿಷೇಧಿಸುವ ಶಾಲೆ, ರಾತ್ರಿ ಒಂಬತ್ತರ ಮೇಲೆ ನೋಟ್ಸ್, ಮನೆಕೆಲಸ, ಮರುದಿನದ ಕಿರುಪರೀಕ್ಷೆಯ ಸೂಚನೆ ಎಲ್ಲವನ್ನೂ ವಾಟ್ಸ್ಆ್ಯಪ್ ಗುಂಪಿನಲ್ಲಿಯೇ ಹಾಕುತ್ತದೆ. ಮೊಬೈಲಿನಿಂದ ದೂರವಿರಿ ಎಂದು ಹೇಳುವವರೇ ಅದನ್ನು ಅನಿವಾರ್ಯ ಮಾಡಿದರೆ ನಾವು ಯಾವುದನ್ನು ಪಾಲಿಸಬೇಕು ಎಂಬ ಪ್ರಶ್ನೆ ನ್ಯಾಯವಾದದ್ದು ಎಂದು ನಾನು ಈಗಲೂ ನಂಬುತ್ತೇನೆ.

ಈ ಹಂತವನ್ನು ಯಾರೂ ಬಿಟ್ಟು ಮುಂದೆ ಹೋಗಬೇಡಿ. ಚೀಟಿಗಳನ್ನು ಓದದೆ ಬರೆದಿದ್ದರೆ ನಮ್ಮ ಮನವಿ ಬಸ್ಸು ಮತ್ತು ಒಟಿಪಿಗಳಲ್ಲೇ ಮುಗಿಯುತ್ತಿತ್ತು, ವಿಡಿಯೊ ಪ್ರಕರಣದಲ್ಲಿ ನೊಂದವಳ ಪಕ್ಷದ ಮಾತು ಅದರಲ್ಲಿ ಇರುತ್ತಲೇ ಇರಲಿಲ್ಲ. ಮುಂದೆ ಆಡಳಿತ ಮಂಡಳಿಯವರು ನಮ್ಮನ್ನು ನಂಬಿದ್ದಕ್ಕೂ, ತರಗತಿಯಲ್ಲಿ ಬಳಕೆ ಮತ್ತು ಆವರಣದಲ್ಲಿ ಕ್ಯಾಮೆರಾ ಎರಡನ್ನೂ ನಿಷೇಧಿಸಿ ಎಂದು ನಾವಾಗಿಯೇ ಬರೆದದ್ದು ಮುಖ್ಯ ಕಾರಣವಾಯಿತು.

ಕಾನೂನಿನ ವಿಷಯ ತಿಳಿಯಲು ಗೆಳೆಯನ ಸೋದರಮಾವನಾದ ವಕೀಲರೊಬ್ಬರನ್ನು ಕಂಡೆವು. ಅವರು ಶುಲ್ಕ ಪಡೆಯದೆ, ಒಂದು ಸಂಜೆ ಪೂರ್ತಿ ನಮಗಾಗಿ ಕೊಟ್ಟರು. 2025ರ ಫೆಬ್ರವರಿ ಕೊನೆಯಲ್ಲಿ ದೆಹಲಿ ಹೈಕೋರ್ಟ್ ಕೇಂದ್ರೀಯ ವಿದ್ಯಾಲಯದ ವಿದ್ಯಾರ್ಥಿಯೊಬ್ಬನ ಪ್ರಕರಣದಲ್ಲಿ ಕೊಟ್ಟ ಆದೇಶದ ಬಗ್ಗೆ ನಮಗೆ ತಿಳಿದದ್ದು ಅವರಿಂದ. ಶಾಲೆಗೆ ಸ್ಮಾರ್ಟ್‌ಫೋನ್ ತರುವುದನ್ನೇ ಪೂರ್ಣ ನಿಷೇಧಿಸುವುದು ಅಪೇಕ್ಷಣೀಯವೂ ಅಲ್ಲ, ಕಾರ್ಯಸಾಧ್ಯವೂ ಅಲ್ಲ ಎಂದು ಆ ನ್ಯಾಯಾಲಯ ಹೇಳಿದೆ. ಇಡುವ ವ್ಯವಸ್ಥೆ ಇದ್ದಲ್ಲಿ ಬೆಳಿಗ್ಗೆ ಒಪ್ಪಿಸಿ ಮನೆಗೆ ಹೋಗುವಾಗ ಪಡೆಯಬೇಕು. ತರಗತಿಯಲ್ಲಿ ಬಳಕೆ ಇರಬಾರದು. ಸಾಮಾನ್ಯ ಸ್ಥಳಗಳಲ್ಲಿ ಕ್ಯಾಮೆರಾ, ಧ್ವನಿಮುದ್ರಣ ಇರಬಾರದು. ಸುರಕ್ಷತೆ ಮತ್ತು ಸಂಪರ್ಕಕ್ಕೆ ಅವಕಾಶವಿರಬೇಕು, ಮನರಂಜನೆಗೆ ಇರಬಾರದು. ನಿಯಮವನ್ನು ಪಾಲಕರು, ಶಿಕ್ಷಕರು, ತಜ್ಞರ ಜೊತೆ ಸಮಾಲೋಚಿಸಿ ರೂಪಿಸಬೇಕು. ಶಿಕ್ಷೆ ಪಾರದರ್ಶಕವಾಗಿರಬೇಕು, ಅತಿ ಕಠಿಣವಾಗಬಾರದು ಎಂಬ ಮಾರ್ಗಸೂತ್ರಗಳೂ ಅದರಲ್ಲಿವೆ. ಕೆಲವು ಕಾಲ ಫೋನು ವಶಪಡಿಸಿಕೊಳ್ಳುವುದಕ್ಕೆ ಅದು ಅವಕಾಶವನ್ನೂ ಕೊಟ್ಟಿದೆ. ಇದು ದೆಹಲಿಯ ಆದೇಶ, ಕರ್ನಾಟಕದ ಶಾಲೆಗಳು ಪಾಲಿಸಲೇಬೇಕೆಂದು ಒತ್ತಾಯಿಸುವಂತಿಲ್ಲ, ದಾರಿ ತೋರಿಸಲು ಮಾತ್ರ ಬಳಸಿ ಎಂದು ಅವರು ಎರಡೆರಡು ಬಾರಿ ಎಚ್ಚರಿಸಿದರು. ಫೋನಿನ ಒಳಗನ್ನು ನೋಡುವ ವಿಷಯಕ್ಕೆ, ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಕೊಟ್ಟ ತೀರ್ಪನ್ನು ಉಲ್ಲೇಖಿಸಲು ಹೇಳಿದರು. ತಮ್ಮ ಬದುಕಿಗೆ ಸಂಬಂಧಿಸಿದ ವಿಷಯಗಳಲ್ಲಿ ಮಕ್ಕಳ ಅಭಿಪ್ರಾಯಕ್ಕೆ ಬೆಲೆ ಸಿಗಬೇಕೆನ್ನುವ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೆಯ ವಿಧಿಯನ್ನೂ, ಆ ಒಡಂಬಡಿಕೆಗೆ ಭಾರತ 1992ರಲ್ಲಿ ಸೇರಿರುವುದನ್ನೂ ಅವರೇ ಬರೆಸಿದರು.

ಮನವಿಯನ್ನು ಎರಡು ಪುಟಕ್ಕೆ ಇಳಿಸುವುದಕ್ಕೆ ನಮಗೆ ಬಹಳ ಶ್ರಮವಾಯಿತು. ಕೊನೆಗೆ ಉಳಿದದ್ದು ನೇರವಾದ ಬೇಡಿಕೆಗಳು: ಪಾಲಕರ ಒಪ್ಪಿಗೆ ಪತ್ರ ಕೊಟ್ಟವರು ಫೋನನ್ನು ಬೆಳಿಗ್ಗೆ ಕಚೇರಿಗೆ ಒಪ್ಪಿಸಿ ಸಂಜೆ ಪಡೆಯುವ ವ್ಯವಸ್ಥೆ, ವಶಪಡಿಸಿಕೊಂಡರೆ ರಸೀದಿ ಮತ್ತು ಹಿಂದಿರುಗಿಸುವ ಗಡುವು, ವಿದ್ಯಾರ್ಥಿನಿಯರ ಚೀಲವನ್ನು ಮಹಿಳಾ ಸಿಬ್ಬಂದಿ ಪ್ರತ್ಯೇಕ ಕೋಣೆಯಲ್ಲಿ ಮಾತ್ರ ನೋಡುವುದು, ಯಾರ ಫೋನಿನ ಒಳಗನ್ನೂ ಶಾಲೆಯವರು ತೆರೆಯದಿರುವುದು, ಮಳೆಗೆ ಬೇಗ ಬಿಟ್ಟ ದಿನ ಮನೆಗೆ ಕರೆ ಮಾಡಲು ಶಾಲೆಯದೇ ಒಂದು ಮೊಬೈಲ್, ಮನೆಕೆಲಸವನ್ನು ಕಪ್ಪುಹಲಗೆಯ ಮೇಲೆ ಬರೆಯುವುದು. ಡಿಟಿಪಿ ಅಂಗಡಿಯಲ್ಲಿ ಬೆರಳಚ್ಚಿಗೆ 120 ರೂಪಾಯಿ, ನೆರಳಚ್ಚು ಪ್ರತಿಗೆ 2 ರೂಪಾಯಿ ಆಯಿತು. ಶಕ್ತಿ ಯೋಜನೆಯಿಂದಾಗಿ ಹುಡುಗಿಯರಾದ ನಮಗೆ ಬಸ್ಸಿನ ಖರ್ಚು ಬರಲಿಲ್ಲ. ಆದ್ದರಿಂದ ಓಡಾಟದ ಕೆಲಸಗಳನ್ನು ಹೆಚ್ಚಾಗಿ ನಾವೇ ವಹಿಸಿಕೊಂಡೆವು.

ನಾವು ನಿರೀಕ್ಷಿಸದ ಅಡ್ಡಿ ಎದುರಾದದ್ದು ಮನೆಗಳಲ್ಲಿ. ಪಾಲಕರಲ್ಲಿ ಬಹುಮಂದಿ ನಿಷೇಧದ ಪರವಾಗಿದ್ದರು. “ಇದರಲ್ಲಿ ಸಹಿ ಹಾಕೂದು ಎಂತಕ್ಕೆ? ಮೊಬೈಲ್ ಇಲ್ದೆ ನೀ ಓದ್ತಾ ಇದ್ಯಲ್ಲ” ಎಂದು ಅಪ್ಪ ಕೇಳಿದರು. ಮನವಿಯನ್ನು ಪೂರ್ತಿಯಾಗಿ ಓದಿ ಹೇಳಿದ ಮೇಲೆ, ಶಾಲೆಯದೇ ಒಂದು ಫೋನು ಇರಬೇಕೆಂಬ ಸಾಲಿಗೆ ಅವರು ಒಪ್ಪಿದರು. ಆಯಿ ಮಾತ್ರ ಆ ಜುಲೈ ಸಂಜೆಯ ನೆನಪಿನಿಂದ ಮೊದಲೇ ಸಹಿ ಮಾಡಿದ್ದಳು. ಅನೇಕರ ಮನೆಗಳಲ್ಲಿ ಹೀಗೆಯೇ ಆಯಿತು. ಸಹಿ ಕೇಳುವ ಮೊದಲು ಮನವಿಯನ್ನು ಓದಿ ಕೇಳಿಸಿ, ಓದು ಬಾರದ ಹಿರಿಯರಿದ್ದರೆ ಅವರ ಹೆಬ್ಬೆಟ್ಟಿನ ಗುರುತಿನ ಪಕ್ಕದಲ್ಲಿ ಓದಿ ಹೇಳಿದವರ ಹೆಸರು ಬರೆಯಿರಿ ಎಂಬ ವಕೀಲರ ಸೂಚನೆ ಮುಂದೆ ಬಹಳ ಉಪಯೋಗಕ್ಕೆ ಬಂತು. ಸಹಪಾಠಿಗಳ ಸಹಿ ಸಂಗ್ರಹಿಸುವುದೂ ಸುಲಭವಾಗಿರಲಿಲ್ಲ. ಪ್ರಾಯೋಗಿಕ ಪರೀಕ್ಷೆಯಿಲ್ಲದ ವಿಷಯಗಳ ಆಂತರಿಕ ಮೌಲ್ಯಮಾಪನದ 20 ಅಂಕ ಉಪನ್ಯಾಸಕರ ಕೈಯಲ್ಲಿದೆ, ನಡತೆ ಪ್ರಮಾಣಪತ್ರ ಬೇಕು ಎಂಬ ಹೆದರಿಕೆ ಸಹಜವಾಗಿಯೇ ಇತ್ತು. ನನಗೂ ಇತ್ತು. ಕೆಲವು ರಾತ್ರಿ ನಿದ್ದೆ ಬಾರದೆ, ಈ ಕಾಗದದಿಂದ ನನ್ನ ಓದು ಕೆಟ್ಟರೆ ಮನೆಯವರಿಗೆ ಏನು ಹೇಳಲಿ ಎಂದು ಕೊರಗಿದ್ದೇನೆ. ಸಹಿ ಹಾಕಲಾರದವರನ್ನು ನಾವು ಒತ್ತಾಯಿಸಲಿಲ್ಲ.

ಆಗಸ್ಟ್ ಮಧ್ಯದಲ್ಲಿ ಮನವಿ ಒಪ್ಪಿಸಿದೆವು. ಪ್ರಾಚಾರ್ಯರು ಸಿಟ್ಟಾಗಲಿಲ್ಲ, ಓದಿ ಮೇಜಿನ ಖಾನೆಯಲ್ಲಿಟ್ಟು, ನೋಡೋಣ ಎಂದರು. ಇಲ್ಲಿ ಒಂದು ಮುಖ್ಯ ಎಚ್ಚರಿಕೆ ಹೇಳುತ್ತೇನೆ: ಮನವಿಯನ್ನು ಕೈಗೆ ಕೊಟ್ಟು ಬರಬಾರದು. ಕಚೇರಿಯ ಆವಕ ಪುಸ್ತಕದಲ್ಲಿ ದಾಖಲಿಸಿ, ನಿಮ್ಮ ಪ್ರತಿಯ ಮೇಲೆ ಇನ್ವರ್ಡ್ ನಂಬರು, ದಿನಾಂಕ, ಮೊಹರು ಹಾಕಿಸಿಕೊಳ್ಳಬೇಕು. ಗುಮಾಸ್ತರು ಮೊದಲು, “ನಮ್ಮ ಶಾಲೆ ಮಕ್ಕಳಿಗೇ ಮೊಹರು ಎಂತಕ್ಕೆ?” ಎಂದು ನಿರಾಕರಿಸಿದರು. ವಿನಯದಿಂದ ಮತ್ತೆ ಮತ್ತೆ ಕೇಳಿದ ಮೇಲೆ ಹಾಕಿಕೊಟ್ಟರು. ಆ ಮೊಹರೊಂದು ಇಲ್ಲದಿದ್ದರೆ ಮುಂದಿನ ಯಾವ ಹಂತವೂ ಸಾಧ್ಯವಾಗುತ್ತಿರಲಿಲ್ಲ.

ಬಳಿಕ ಉದ್ದಕ್ಕೂ ಕಾಯುವುದೇ ಆಯಿತು. ಚೌತಿ ಬಂತು, ಅರ್ಧವಾರ್ಷಿಕ ಪರೀಕ್ಷೆ ಬಂತು, ದಸರಾ ರಜೆ ಬಂತು. ಕೇಳಿದಾಗಲೆಲ್ಲ ಇದು ಆಡಳಿತ ಮಂಡಳಿಯ ಮುಂದೆ ಹೋಗಬೇಕಾದ ವಿಷಯ, ಸಭೆ ನಿಗದಿಯಾಗಿಲ್ಲ ಎಂಬ ಉತ್ತರ. ಅಷ್ಟರಲ್ಲಿ ತಪಾಸಣೆಗಳು ಮುಂದುವರಿದವು, ಕೆಲವರ ಫೋನು ಹೋಯಿತು. ಸಹಿ ಹಾಕಿದವರು ನಮ್ಮನ್ನು ಏನಾಯಿತೆಂದು ಕೇಳುವುದನ್ನೂ ನಿಲ್ಲಿಸಿದರು. ಇಡೀ ವರ್ಷದಲ್ಲಿ ನನಗೆ ಅತ್ಯಂತ ಭಾರವೆನಿಸಿದ್ದು ಈ ದಿನಗಳು.

ದಾರಿ ತೆರೆದದ್ದು ಊರಿನ ಪಂಚಾಯಿತಿಯಿಂದ. ಗ್ರಾಮ ಪಂಚಾಯಿತಿಗಳು ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸುತ್ತವೆ. ನಮ್ಮಲ್ಲಿ ಅದು ನವೆಂಬರ್‌ನಲ್ಲಿ ನಡೆಯಿತು. ಹದಿನೆಂಟು ತುಂಬದ ಎಲ್ಲರೂ ಮಾತನಾಡಬಹುದಾದ್ದರಿಂದ ನಾನೂ ಹೋದೆ. ಸಂಜೆಯ ಒಂದೇ ಬಸ್ಸು, ಹಳ್ಳದ ದಾರಿಯಲ್ಲಿ ಸಿಗದ ನೆಟ್‌ವರ್ಕು, ಶಾಲೆ ಬೇಗ ಬಿಟ್ಟ ದಿನ ಮನೆಗೆ ತಿಳಿಸುವ ವ್ಯವಸ್ಥೆಯ ಕೊರತೆ, ಇವು ಮೂರನ್ನೂ ಒಂದೇ ಸಮಸ್ಯೆಯಾಗಿ ಹೇಳಿ, ಮೊಹರು ಹಾಕಿದ ಮನವಿಯ ಪ್ರತಿಯನ್ನು ಕೊಟ್ಟೆ. ಖಾಸಗಿ ಆಡಳಿತದ ಶಾಲೆಗೆ ಆದೇಶ ಕೊಡುವ ಅಧಿಕಾರ ಪಂಚಾಯಿತಿಗಿಲ್ಲ ಎಂದು ಪಿಡಿಒ ಮೊದಲೇ ತಿಳಿಸಿದರು. ಆದರೂ ನಡಾವಳಿಯಲ್ಲಿ ಬರೆಸಿ, ಬಸ್ ಡಿಪೋಗೆ ಒಂದು ಮತ್ತು ನಮ್ಮ ಸಂಸ್ಥೆಗೆ ಒಂದು ಪತ್ರ ಕಳುಹಿಸಿದರು. ಹೊರಗಿನ ಕಚೇರಿಯಿಂದ ಪತ್ರ ಬಂದರೆ ಅದಕ್ಕೆ ಉತ್ತರ ಕೊಡಬೇಕಾಗುತ್ತದೆ. ಡಿಸೆಂಬರ್‌ನಲ್ಲಿ ಆಡಳಿತ ಮಂಡಳಿ ಮತ್ತು ಪಾಲಕರ ಜಂಟಿ ಸಭೆಗೆ ನಮ್ಮನ್ನು ಕರೆದರು.

ಸಭೆಯಲ್ಲಿ ಮಾತನಾಡುವಾಗ ಮೊದಲ ಕೆಲವು ನಿಮಿಷ ನನ್ನ ದನಿ ನಡುಗುತ್ತಿತ್ತು. ಅಧ್ಯಕ್ಷರು ಹಿರಿಯರು, ಸಮಾಧಾನದಿಂದ ಕೇಳಿದರು. ಫ್ರಾನ್ಸ್ ದೇಶವೇ 2018ರಲ್ಲಿ ಕಾನೂನು ಮಾಡಿ ಶಾಲೆಗಳಲ್ಲಿ ಮಕ್ಕಳ ಮೊಬೈಲ್ ಬಳಕೆ ನಿಷೇಧಿಸಿದೆ, ನಾವು ಮಾಡಿದ್ದರಲ್ಲಿ ತಪ್ಪೇನು ಎಂದು ಒಬ್ಬ ಸದಸ್ಯರು ಪ್ರಶ್ನಿಸಿದರು. ಆ ಕಾನೂನಿನಲ್ಲೂ ಅಂಗವಿಕಲ ಮತ್ತು ಆರೋಗ್ಯದ ತೊಂದರೆಯಿರುವ ಮಕ್ಕಳಿಗೆ, ಪಾಠದ ಉದ್ದೇಶದ ಬಳಕೆಗೆ ವಿನಾಯಿತಿಗಳನ್ನು ಬರೆದಿಟ್ಟಿದ್ದಾರೆ, ನಾವು ಕೇಳುತ್ತಿರುವುದೂ ಅಂಥ ಬರಹವನ್ನೇ ಎಂದು ಗೆಳೆಯ ಉತ್ತರಿಸಿದ. ಅತ್ಯಂತ ಕಷ್ಟದ ಪ್ರಶ್ನೆ ಪ್ರಾಚಾರ್ಯರದು: ಹತ್ತು, ಹದಿನೈದು ಸಾವಿರ ರೂಪಾಯಿಯ ಇಷ್ಟೊಂದು ಫೋನುಗಳನ್ನು ಕಚೇರಿಯಲ್ಲಿಟ್ಟು, ಒಂದು ಕಳೆದರೆ ಹೊಣೆ ಯಾರದು? ಅವರ ಆತಂಕವೂ ನಿಜವಾದದ್ದೇ; ವೇತನದಿಂದ ಕಟ್ಟಿಕೊಡಬೇಕಾದೀತು ಎಂದು ಹೆದರುವ ಗುಮಾಸ್ತರ ಮುಖ ನಾವು ನೋಡಿದ್ದೆವು. ಒಪ್ಪಿಗೆ ಪತ್ರದಲ್ಲಿಯೇ ಫೋನಿನ ಐಎಂಇಐ ಸಂಖ್ಯೆ (ಪ್ರತಿ ಫೋನಿಗೂ ಬೇರೆಯಾಗಿರುವ ಗುರುತಿನ ಸಂಖ್ಯೆ) ಬರೆದು, ಬೀಗದ ಕಪಾಟಿನಲ್ಲಿಟ್ಟು, ಕೀಲಿಯನ್ನು ಒಬ್ಬರೇ ಹೊಣೆಗಾರರು ಇಟ್ಟುಕೊಂಡರೆ ಅಪಾಯ ಕಡಿಮೆ ಎಂದು ಪಾಲಕರಲ್ಲಿ ಮೊಬೈಲ್ ಅಂಗಡಿ ನಡೆಸುವವರೊಬ್ಬರು ಹೇಳಿದ ಮೇಲೆ ಚರ್ಚೆ ಮುಂದೆ ಸಾಗಿತು. ಸ್ಟಾರ್, ಹ್ಯಾಶ್, ಸೊನ್ನೆ, ಆರು, ಹ್ಯಾಶ್ ಒತ್ತಿದರೆ ಐಎಂಇಐ ಸಂಖ್ಯೆ ಪರದೆಯ ಮೇಲೆ ಬರುತ್ತದೆ. ಫೋನು ಕಳೆದರೆ ಪೊಲೀಸ್ ದೂರು ಕೊಟ್ಟು, ಕೇಂದ್ರ ಸರ್ಕಾರದ ಸಂಚಾರ ಸಾಥಿ ಪೋರ್ಟಲ್‌ನಲ್ಲಿ ಅದನ್ನು ತಡೆಹಿಡಿಸಲೂ ಈ ಸಂಖ್ಯೆ ಬೇಕು. ಶಾಲೆಗೆ ಒಪ್ಪಿಸಲಿ, ಬಿಡಲಿ, ಇದನ್ನು ಮನೆಯಲ್ಲಿ ಒಂದು ಕಡೆ ಬರೆದಿಡುವುದು ಒಳ್ಳೆಯದು.

ನಮಗೆ ಸಿಕ್ಕಿದ್ದು ಹೀಗಿದೆ. ಪದವಿಪೂರ್ವ ವಿಭಾಗದಲ್ಲಿ, ಪಾಲಕರ ಒಪ್ಪಿಗೆ ಪತ್ರ ಕೊಟ್ಟ ದೂರದ ವಿದ್ಯಾರ್ಥಿಗಳಿಗೆ ಫೋನು ಒಪ್ಪಿಸಿ ಪಡೆಯುವ ಅವಕಾಶ. ವಶಪಡಿಸಿಕೊಂಡ ಫೋನಿಗೆ ರಸೀದಿ, ಮೊದಲ ಬಾರಿಗೆ ಒಂದು ವಾರ, ಮತ್ತೆ ಸಿಕ್ಕರೆ ಒಂದು ತಿಂಗಳ ಗಡುವು. ಫೋನಿನ ಒಳಗನ್ನು ಶಾಲೆ ನೋಡುವುದಿಲ್ಲ. ಗಂಭೀರ ದೂರಿದ್ದರೆ ಪಾಲಕರನ್ನು ಕರೆಸಿ, ಅಗತ್ಯವಾದರೆ ಪೊಲೀಸರಿಗೆ ಒಪ್ಪಿಸುವುದು. ಮಹಿಳಾ ಸಿಬ್ಬಂದಿಯ ತಪಾಸಣೆ. ಕಚೇರಿಗೆ ಒಂದು ಸಾದಾ ಮೊಬೈಲ್, ಕರೆ ಮಾಡಿದವರ ಹೆಸರು ಬರೆಯುವ ಪುಸ್ತಕ. ಆ ಫೋನಿನ ಪಕ್ಕದ ಗೋಡೆಯ ಮೇಲೆ ಮಕ್ಕಳ ಸಹಾಯವಾಣಿ 1098 ಮತ್ತು ತುರ್ತು ಸಂಖ್ಯೆ 112 ಬರೆಯಿಸಿದ್ದಾರೆ. ಹಿಂದೆ ವಶವಾಗಿದ್ದ ಎಲ್ಲ ಫೋನುಗಳನ್ನೂ ಆ ವಾರವೇ ಹಿಂದಿರುಗಿಸಿದರು. ಅಜ್ಜನ ಆಸ್ಪತ್ರೆಯ ಕಾರಣಕ್ಕೆ ಫೋನು ತಂದಿದ್ದವನು ಅದನ್ನು ಪಡೆಯುವ ಹೊತ್ತಿಗೆ ಅಜ್ಜ ತೀರಿಕೊಂಡು ತಿಂಗಳುಗಳಾಗಿದ್ದವು.

ಜಾರಿಯಾದ ಮೊದಲ ದಿನಗಳಲ್ಲಿ ಹೊಸ ತೊಡಕು ಬಂತು. ಸಂಜೆ ಫೋನು ಪಡೆಯಲು ಸಾಲು ಉದ್ದವಾಗಿ, ಯಾವ ಬಸ್ಸಿಗಾಗಿ ಇಷ್ಟೆಲ್ಲ ಕೇಳಿದ್ದೆವೋ ಅದೇ ಬಸ್ಸು ಕೆಲವರಿಗೆ ತಪ್ಪಿತು. ಒಬ್ಬಳ ತಾಯಿ ಹೊಲಿಗೆ ಕೆಲಸ ಮಾಡುವವರು, ಉಳಿದ ಬಟ್ಟೆಯಲ್ಲಿ ತರಗತಿಗೊಂದು ಬಣ್ಣದ ಚೀಲಗಳನ್ನು ಹೊಲಿದುಕೊಟ್ಟರು. ಸಂಖ್ಯೆ ಬರೆದ ಬಿಲ್ಲೆಗಳನ್ನು ಮಾಡಿಕೊಂಡು, ಬಸ್ಸಿನ ಹೊತ್ತಿಗೆ ತಕ್ಕಂತೆ ಮೊದಲು ಯಾರಿಗೆ ಎಂಬ ಪಟ್ಟಿಯನ್ನು ಕಪಾಟಿನ ಬಾಗಿಲಿಗೆ ಅಂಟಿಸಿದೆವು. ಅಲ್ಲಿಂದ ಸಾಲು ಬೇಗ ಕರಗತೊಡಗಿತು. ಕಪಾಟು ಮೊದಲೇ ಇತ್ತು. ಬೀಗ, ಬಿಲ್ಲೆ, ಪುಸ್ತಕಗಳಿಗೆ ಸುಮಾರು 700 ರೂಪಾಯಿ ಆಯಿತು, ಅದನ್ನು ಸಂಸ್ಥೆಯೇ ಕೊಟ್ಟಿತು. ಫೋನನ್ನು ಪೂರ್ತಿ ಬಂದ್ ಮಾಡಿಯೇ ಒಪ್ಪಿಸಬೇಕೆಂಬ ನಿಯಮವನ್ನು ಆರಂಭದಲ್ಲಿಯೇ ಕಟ್ಟುನಿಟ್ಟು ಮಾಡಿ. ಕಪಾಟಿನೊಳಗೆ ರಿಂಗಣಿಸಿದರೆ ಕಚೇರಿಯವರ ಸಹನೆ ಬೇಗ ಮುಗಿಯುತ್ತದೆ.

ಕೆಲವು ವಿಷಯಗಳು ಇನ್ನೂ ಬಾಕಿ ಇವೆ. ಪ್ರೌಢಶಾಲೆಯ ಮಕ್ಕಳಿಗೆ ಫೋನು ತರುವ ಅವಕಾಶವಿಲ್ಲ. ಅವರ ವಯಸ್ಸಿಗೆ ಅದು ಸರಿಯೆಂದೇ ನನ್ನ ಅಭಿಪ್ರಾಯ, ಆದರೆ ಕಚೇರಿಯ ಫೋನು ಬಳಸಲು ಅವರು ಈಗಲೂ ಹಿಂಜರಿಯುತ್ತಾರೆ. ಎಂಟನೆಯ ತರಗತಿಯ ಹುಡುಗಿಯೊಬ್ಬಳು ಜ್ವರದಲ್ಲಿ ಮಧ್ಯಾಹ್ನದವರೆಗೂ ಕೇಳದೆ ಕುಳಿತಿದ್ದದ್ದನ್ನು ನೋಡಿದ್ದೇನೆ. ತರಗತಿ ಶಿಕ್ಷಕರೇ ಅವರನ್ನು ಕರೆದೊಯ್ಯುವ ಪದ್ಧತಿ ಬರಬೇಕು. ರಾತ್ರಿಯ ವಾಟ್ಸ್ಆ್ಯಪ್ ಮನೆಕೆಲಸದ ಬಗ್ಗೆ ಸಭೆ ನಿರ್ಣಯ ಮಾಡಲಿಲ್ಲ; ಉಪನ್ಯಾಸಕರ ಜೊತೆ ಚರ್ಚಿಸಿ ಹೊಸ ಶೈಕ್ಷಣಿಕ ವರ್ಷದಲ್ಲಿ ತಿಳಿಸುವುದಾಗಿ ಹೇಳಿದ್ದಾರೆ. ಇಡೀ ವ್ಯವಸ್ಥೆಯೂ ಸದ್ಯಕ್ಕೆ ಪ್ರಾಯೋಗಿಕವೇ. ಅದನ್ನು ಪ್ರವೇಶ ಅರ್ಜಿಯ ಜೊತೆ ಕೊಡುವ ನಿಯಮಾವಳಿಯಲ್ಲಿ ಮುದ್ರಿಸದಿದ್ದರೆ, ಪ್ರಾಚಾರ್ಯರು ಬದಲಾದ ದಿನ ಎಲ್ಲವೂ ಮೊದಲಿನಂತಾಗಬಹುದು. ಮೊಹರು ಹಾಕಿದ ಮನವಿ, ಪಂಚಾಯಿತಿಯ ಪತ್ರ, ಸಭೆಯ ನಡಾವಳಿಯ ಪ್ರತಿ, ಒಪ್ಪಿಗೆ ಪತ್ರದ ಮಾದರಿ ಇವೆಲ್ಲವನ್ನೂ ಒಂದು ಕಡತದಲ್ಲಿ ಸೇರಿಸಿ ಈಗಿನ ಪ್ರಥಮ ಪಿಯುಸಿಯ ಪ್ರತಿನಿಧಿಗಳಿಗೆ ಒಪ್ಪಿಸಿದ್ದೇನೆ. ಜೂನ್‌ನಲ್ಲಿ ನಡೆಯುವ ಮೊದಲ ಪಾಲಕರ ಸಭೆಯಲ್ಲಿ ಮುದ್ರಣದ ವಿಷಯವನ್ನೂ ಮನೆಕೆಲಸದ ವಿಷಯವನ್ನೂ ಅವರು ಎತ್ತಲಿದ್ದಾರೆ.